ಮೂರನೇ ಕೋಣೆಯೊಳಗೆ ನಮ್ಮ ಮನೆ

ನಾನು ಅಳತೆಯವನು. ಊರಿನ ಮನೆ, ಅಂಗಡಿ, ಖಾಲಿ ಸೈಟುಗಳನ್ನು ಅಳೆದು ನಕ್ಷೆ ಬರೆಯುವುದು ಕಚೇರಿಯಲ್ಲಿ ನನ್ನ ಕೆಲಸ. ಇಪ್ಪತ್ತೊಂಬತ್ತು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ. ಯಾರ ಗೋಡೆ ಎಲ್ಲಿ ನಿಂತಿದೆ, ಯಾರು ಪಕ್ಕದವರ ಜಾಗವನ್ನು ಎಷ್ಟು ಅಂಗುಲ ನುಂಗಿದ್ದಾರೆ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ ಎಂಬ ಜಂಬ ನನಗಿತ್ತು. ಆ ಜಂಬ ಇಳಿಸಿದ್ದು ಒಂದು ಸಣ್ಣ ಗೆಸ್ಟ್‌ಹೌಸಿನಲ್ಲಿ ಕಸ ಗುಡಿಸಿ ಹಾಸಿಗೆ ಹಾಸುವ ಹೆಂಗಸು. ಅವಳ ವಿಷಯ ಬರೆಯಲು ಕೂತಿದ್ದೇನೆ. ಅವಳಿಗೆ ಗೊತ್ತಾದರೆ, ಬೇರೆ ಕೆಲಸ ಇರಲಿಲ್ಲವೇ ಎಂದು ಬೈಯುತ್ತಾಳೆ. ಬೈಯಲಿ, ಅವಳ ಕೈಯಲ್ಲಿ ಬೈಸಿಕೊಂಡು ನನಗೆ ಅಭ್ಯಾಸವಾಗಿದೆ.

ಹೋದ ವರ್ಷ ನನ್ನ ಹೆಂಡತಿಯ ಕಣ್ಣು ಕೆಟ್ಟಿತು. ಕಣ್ಣಿನೊಳಗಿನ ಒತ್ತಡ ಏರಿ ನರ ಒಣಗುತ್ತಾ ಬರುತ್ತದಂತೆ. ನೋವಿಲ್ಲ, ಉರಿಯಿಲ್ಲ, ಗೊತ್ತಾಗುವ ಹೊತ್ತಿಗೆ ಮುಕ್ಕಾಲು ಪಾಲು ಹೋಗಿರುತ್ತದೆ. ಆರು ತಿಂಗಳಿಂದ ಅವಳು ಪಕ್ಕದಲ್ಲಿ ಯಾಕೋ ಮಬ್ಬು ಎನ್ನುತ್ತಿದ್ದಳು. ಕನ್ನಡಕ ಒರೆಸಿಕೋ ಎಂದಿದ್ದೆ. ಆ ಮಾತು ಈಗಲೂ ಗಂಟಲಲ್ಲಿ ಮುಳ್ಳಿನ ಹಾಗೆ ಕೂತಿದೆ. ದೊಡ್ಡ ಆಸ್ಪತ್ರೆ ಇದ್ದದ್ದು ನಮ್ಮೂರಿಂದ ಅರ್ಧ ದಿನದ ರೈಲಿನ ದೂರದಲ್ಲಿ. ಎರಡು ಆಪರೇಷನ್ ಆಗಬೇಕು, ಆರು ವಾರ ಅಲ್ಲೇ ಇರಬೇಕು ಎಂದರು. ಅಲ್ಲಿನ ನರ್ಸ್ ಒಬ್ಬಳು, ಹಳೇ ಪೇಟೆಯಲ್ಲಿ ಗಲಾಟೆಯಿಲ್ಲದ ಗೆಸ್ಟ್‌ಹೌಸ್ ಇದೆ, ನಡೆದರೆ ಹತ್ತು ನಿಮಿಷ ಎಂದು ಚೀಟಿ ಬರೆದುಕೊಟ್ಟಳು.

ಹಳೇ ಪೇಟೆಯೆಂದರೆ ನಿಜವಾಗಿಯೂ ಹಳೆಯದು. ಹಾಸುಗಲ್ಲಿನ ಗಲ್ಲಿಗಳು, ಎರಡು ಕೈ ಚಾಚಿದರೆ ಎರಡೂ ಬದಿಯ ಗೋಡೆ ಸಿಗುವಷ್ಟು ಕಿರಿದು. ವಾಹನ ಒಳಗೆ ಬರುವಂತಿಲ್ಲ. ಪುಸ್ತಕಕ್ಕೆ ರಟ್ಟು ಕಟ್ಟುವವನದೊಂದು ಅಂಗಡಿ, ಬೀಗ ರಿಪೇರಿಯವನದೊಂದು, ಯಾರೂ ಹೋಗದ ಒಂದು ಚಿಕ್ಕ ಮ್ಯೂಸಿಯಂ. ಅದರ ಕಾವಲುಗಾರ ದಿನವಿಡೀ ಬಾಗಿಲಲ್ಲಿ ಕೂತು ಹೋಗುವವರನ್ನೆಲ್ಲ ಆಸೆಯಿಂದ ನೋಡುತ್ತಿದ್ದ. ಗೆಸ್ಟ್‌ಹೌಸಿನ ಗೋಡೆ ಎರಡಡಿ ಎಂಟಂಗುಲ ದಪ್ಪ. ಹೋದ ದಿನವೇ ಅಳೆದೆ, ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಲ್ಲ. ಕೆಳಗೆ ಎರಡು ಕೋಣೆ, ಮೇಲೆ ನಾಲ್ಕು. ಯಜಮಾನರು ಕೌಂಟರಿನ ಹಿಂದೆ ಪೇಪರು ಹಿಡಿದು ಕೂತಿರುತ್ತಿದ್ದರು. ಓದುತ್ತಿದ್ದಾರೋ ನಿದ್ದೆ ಮಾಡುತ್ತಿದ್ದಾರೋ ಎಂಬುದು ಪೇಪರು ಕೆಳಗೆ ಬಿದ್ದಾಗ ಮಾತ್ರ ತಿಳಿಯುತ್ತಿತ್ತು. ಮಿಕ್ಕಿದ್ದೆಲ್ಲ ಬೀಗದಕ್ಕನದು.

ಸೊಂಟದಲ್ಲಿ ಬೀಗದ ಕೈ ಗೊಂಚಲು ಸಿಕ್ಕಿಸಿಕೊಂಡು ಓಡಾಡುತ್ತಿದ್ದುದರಿಂದ ಎಲ್ಲರೂ ಅವಳನ್ನು ಹಾಗೆ ಕರೆಯುತ್ತಿದ್ದರು. ಐವತ್ತೈದರ ಆಸುಪಾಸು, ಗಟ್ಟಿ ಆಳು, ಮಾತು ಮಾತ್ರ ಒರಟು. ನಾವು ಹೋದ ಎರಡನೇ ದಿನ ಎದುರು ಕೋಣೆಯಲ್ಲಿ ದಡಬಡ ಸದ್ದು. ಇಣುಕಿದರೆ ಬೆವರು ಸುರಿಸಿಕೊಂಡು ಮಂಚ ಎಳೆಯುತ್ತಿದ್ದಾಳೆ. ಏನಕ್ಕ ಇದು ಎಂದೆ. ನಾಳೆ ಇತಿಹಾಸದ ಮೇಷ್ಟ್ರು ಬರುತ್ತಾರೆ, ವರ್ಷಕ್ಕೊಂದು ಸಲ ಒಂದೂವರೆ ತಿಂಗಳು ಇರುತ್ತಾರೆ, ಹೋದ ವರ್ಷ ಮಂಚವನ್ನು ಕಿಟಕಿಗೆ ಒತ್ತಿಸಿಕೊಂಡು, ಮೇಜನ್ನು ಬಾಗಿಲ ಕಡೆ ತಿರುಗಿಸಿಕೊಂಡು ಇದ್ದರು ಎಂದಳು. ಅವರು ಹೋದ ಮೇಲೆ ಇಪ್ಪತ್ತು ಜನ ಆ ಕೋಣೆಯಲ್ಲಿ ಇದ್ದು ಹೋಗಿದ್ದಾರೆ. ಆದರೂ ಅವರು ಬರುವಾಗ ಕೋಣೆ ಅವರು ಬಿಟ್ಟುಹೋದ ಹಾಗೆ ಇರಬೇಕು. ಇದು ಯಜಮಾನರು ಹೇಳಿದ ನಿಯಮವಲ್ಲ, ಅವಳೇ ಮಾಡಿಕೊಂಡದ್ದು. ದೂರದಿಂದ ಬಂದವರು ಬಾಗಿಲು ತೆರೆದ ಕೂಡಲೇ ಅರೆ ಇದು ನನ್ನ ಕೋಣೆ ಅನ್ನಬೇಕಂತೆ.

ನೆನಪಿಗೆ ಅವಳ ಹತ್ತಿರ ಒಂದು ಉಪಾಯವಿತ್ತು. ಬಟ್ಟೆ ಇಡುವ ಕೋಣೆಯಲ್ಲಿ ಒಂದು ಮೊಳೆ, ಮೊಳೆಗೆ ಸಿಕ್ಕಿಸಿದ ಹಳೇ ಕ್ಯಾಲೆಂಡರ್ ಹಾಳೆಗಳ ಕಟ್ಟು. ಹಾಳೆಯ ಬೆನ್ನಿಗೆ ಪೆನ್ಸಿಲಿನಲ್ಲಿ ಚೌಕ, ಚೌಕದೊಳಗೆ ಸಣ್ಣ ಚೌಕಗಳು. ಇದು ಮಂಚ, ಇದು ಕುರ್ಚಿ, ಇದು ಅವರು ಔಷಧಿ ಇಟ್ಟುಕೊಳ್ಳುವ ಸ್ಟೂಲು. ಅಕ್ಷರವೇ ಇಲ್ಲ. ಅಳತೆಗೆ ಅವಳ ನೆಲ ಒರೆಸುವ ಕೋಲು. ಮಂಚದಿಂದ ಬಾಗಿಲಿಗೆ ಒಂದೂವರೆ ಕೋಲು ಎಂದರೆ ಒಂದೂವರೆ ಕೋಲು. ನಾನು ಕುಚೋದ್ಯಕ್ಕೆ ಟೇಪು ಹಿಡಿದು ನೋಡಿದೆ. ಅರ್ಧ ಅಂಗುಲವೂ ಆಚೀಚೆ ಇರಲಿಲ್ಲ. ನಮ್ಮ ಕಚೇರಿಯಲ್ಲಿ ಇಂಥವರೊಬ್ಬರು ಇದ್ದಿದ್ದರೆ ಎಷ್ಟೋ ಅಣ್ಣತಮ್ಮಂದಿರ ಜಗಳ ತಪ್ಪುತ್ತಿತ್ತು.

ನಾಲ್ಕನೇ ವಾರ ಡಾಕ್ಟರು ನನ್ನನ್ನು ಕೂರಿಸಿ ಹೇಳಿದರು. ಎಡಗಣ್ಣು ಹೋಯಿತು. ಬಲಗಣ್ಣಿಗೆ ಬೆಳಕು ಯಾವುದು, ಕತ್ತಲು ಯಾವುದು ಎಂಬಷ್ಟು ಉಳಿಯುತ್ತದೆ. ಇನ್ನು ಮಾಡುವುದೇನಿಲ್ಲ, ಹೊಲಿಗೆ ಬಿಚ್ಚುವ ತನಕ ಎರಡು ವಾರ ಇದ್ದು ಮನೆಗೆ ಹೋಗಿ. ಹೆಂಡತಿಗೆ ಅದನ್ನು ನಾನೇ ಹೇಳಿದೆ. ಅವಳು ಅಳಲಿಲ್ಲ. ಮೂರನೇ ನಂಬರಿನ ನಮ್ಮ ಕೋಣೆಯಲ್ಲಿ ಗೋಡೆ ಕಡೆ ತಿರುಗಿ ಮಲಗಿದಳು. ನಾನು ಕೈ ಹಿಡಿದು ಕರೆದುಕೊಂಡು ಹೋದರೆ ಬಚ್ಚಲಿಗೆ ಹೋಗುತ್ತಿದ್ದಳು, ಬಾಯಿಗೆ ಇಟ್ಟರೆ ತಿನ್ನುತ್ತಿದ್ದಳು. ಮೂರನೇ ದಿನ ತಂಗಿಗೆ ಫೋನ್ ಹಚ್ಚಿಕೊಡಿ ಎಂದಳು. ಮಾತಾಡಿ ಮುಗಿಸಿ, ತಂಗಿ ಮುಂದಿನ ವಾರ ಬಿಟ್ಟು ಆಚೆ ಶನಿವಾರ ಬಂದು ನನ್ನನ್ನು ಅವಳ ಮನೆಗೆ ಕರಕೊಂಡು ಹೋಗುತ್ತಾಳೆ, ನೀವು ಊರಿಗೆ ಹೋಗಿ ಕೆಲಸಕ್ಕೆ ಸೇರಿಕೊಳ್ಳಿ ಎಂದಳು.

ಎಷ್ಟು ದಿನಕ್ಕೆ ಎಂದೆ. ಅವಳು ಫೋನನ್ನು ನನ್ನ ಕಡೆ ಚಾಚಿದಳು. ಅವಳ ಲೆಕ್ಕ ಸರಿಯಾಗಿಯೇ ಇತ್ತು. ಒಂದನೇ ತಾರೀಖಿಗೆ ಹಾಜರಾಗದಿದ್ದರೆ ನನ್ನ ಕೆಲಸ ಹೋಗುತ್ತದೆ. ನಾನು ಬೆಳಿಗ್ಗೆ ಒಂಬತ್ತಕ್ಕೆ ಹೊರಟರೆ ಸಂಜೆ ಆರರವರೆಗೆ ಅವಳು ಒಬ್ಬಳೇ. ಮಕ್ಕಳಿಲ್ಲ. ಕಣ್ಣಿಲ್ಲದೆ ಆ ಮನೆಯಲ್ಲಿ ಒಬ್ಬಳೇ ಹೇಗಿರಲಿ ಎಂದು ಅವಳು ಕೇಳಲಿಲ್ಲ, ಇರಲು ಆಗುವುದಿಲ್ಲ ಎಂದು ತೀರ್ಮಾನ ಮಾಡಿಬಿಟ್ಟಿದ್ದಳು. ಮೂವತ್ತೊಂದು ವರ್ಷದ ಸಂಸಾರ ಒಂದು ಶನಿವಾರ ಇಬ್ಭಾಗವಾಗುವುದಕ್ಕೆ ಕೂತಿತ್ತು. ನಾನು ಗಲ್ಲಿಗೆ ಹೋಗಿ ಮ್ಯೂಸಿಯಮ್ಮಿನ ಮೆಟ್ಟಿಲ ಮೇಲೆ ತಲೆ ಮೇಲೆ ಕೈ ಹೊತ್ತು ಕೂತೆ. ಕಾವಲುಗಾರ ಒಳಗೆ ಬನ್ನಿ ಸಾರ್, ತಂಪಾಗಿದೆ ಎಂದು ಕರೆದ. ಪಾಪ, ಅವನಿಗೆ ಬೇಕಾದದ್ದು ಅವನಿಗೆ.

ಬೀಗದಕ್ಕನಿಗೆ ಯಾರೂ ಏನೂ ಹೇಳಿರಲಿಲ್ಲ. ಗೋಡೆ ಎಷ್ಟು ದಪ್ಪವಿದ್ದರೂ ಅವಳಿಗೆ ಕೇಳುವುದು ಕೇಳಿಯೇ ಕೇಳುತ್ತಿತ್ತು. ಮರುದಿನ ಬೆಳಿಗ್ಗೆ ಚಹಾದ ಜೊತೆ ಒಂದು ಕ್ಯಾಲೆಂಡರ್ ಹಾಳೆ, ಪೆನ್ಸಿಲು ತಂದು ನೆಲದ ಮೇಲೆ ಕೂತಳು.

“ಅಣ್ಣ, ನಿಮ್ಮನೆ ಹೇಗಿದೆ ಹೇಳಿ.”

ಕೇಳಿದ್ದು ಯಾರನ್ನು? ಅಳತೆಯವನನ್ನು. ನಾನು ಸೆಟೆದು ಕೂತು ಶುರು ಮಾಡಿದೆ. ಉತ್ತರ ದಕ್ಷಿಣ ನಲವತ್ತು ಅಡಿ, ಪೂರ್ವ ಪಶ್ಚಿಮ ಇಪ್ಪತ್ತೆರಡು, ಕಟ್ಟಡ ಇಷ್ಟು ಚದರಡಿ, ಮೂರು ಕೋಣೆ. ಅವಳು ಪೆನ್ಸಿಲು ಎತ್ತಲೇ ಇಲ್ಲ.

“ಅದೆಲ್ಲ ಬೇಡ. ಅಕ್ಕ ಬೆಳಿಗ್ಗೆ ಎದ್ದು ಕಾಲು ಕೆಳಗಿಟ್ರೆ ಮೊದಲು ಏನು ಸಿಗುತ್ತೆ?”

ನೆಲ ಎಂದೆ. ಅವಳು ನನ್ನ ಮುಖ ನೋಡಿದಳು. ಸರಿ, ಅಡುಗೆಮನೆಗೆ ಹೋಗೋಣ, ಒಲೆ ಹಚ್ಚುವ ಬೆಂಕಿಪೊಟ್ಟಣ ಎಲ್ಲಿರುತ್ತದೆ ಎಂದು ಕೇಳಿದಳು. ಎಡಗಡೆ ಗೂಡಿನಲ್ಲಿ ಎಂದೆ.

“ಬಲಗಡೆ,” ಎಂದಿತು ಮಂಚ.

ತಂಗಿಯ ವಿಷಯ ಬಿಟ್ಟರೆ, ಗೋಡೆ ಕಡೆ ತಿರುಗಿದ ಮೇಲೆ ಹೆಂಡತಿ ತಾನಾಗಿ ಆಡಿದ ಮೊದಲ ಮಾತು ಅದು. ಬೀಗದಕ್ಕ ಅತ್ತ ನೋಡಲೂ ಇಲ್ಲ, ನನ್ನನ್ನೇ ಹಿಡಿದುಕೊಂಡಳು. ಅಡುಗೆಮನೆಗೆ ಎಷ್ಟು ಮೆಟ್ಟಿಲು ಇಳಿಯಬೇಕು? ಎರಡು ಎಂದೆ. ಮಂಚ ಮೂರು ಎಂದಿತು. ಮೂರನೆಯದು ಅಲುಗಾಡುತ್ತದೆ, ಹನ್ನೊಂದು ವರ್ಷದ ಹಿಂದೆ ಇವರೇ ಅದರ ಮೇಲೆ ಸಿಲಿಂಡರ್ ಬೀಳಿಸಿ ಒಡೆದದ್ದು, ಅವತ್ತಿಂದ ಅದನ್ನು ದಾಟಿಕೊಂಡೇ ಹೋಗುತ್ತಾರೆ, ಹಾಗಾಗಿ ಅದು ಇದೆ ಎನ್ನುವುದೇ ಇವರಿಗೆ ಮರೆತಿದೆ. ಹಿಂಬಾಗಿಲು ಒಳಗೆ ತೆರೆಯುತ್ತದೋ ಹೊರಗೋ? ಹೊರಗೆ ಎಂದೆ. ಹೆಂಡತಿ ಈ ಕಡೆ ಹೊರಳಿದಳು.

“ಒಳಗೆ ಕಣ್ರೀ. ನೀವು ಅಳೆದ ಮನೆಗಳು ಇನ್ನೂ ಬಿದ್ದಿಲ್ಲ ಅನ್ನೋದೇ ಆಶ್ಚರ್ಯ.”

ದೀಪದ ಬುಡದಲ್ಲೇ ಕತ್ತಲೆ ಎನ್ನುತ್ತಾರಲ್ಲ, ಆ ಕತ್ತಲೆ ನಾನು. ಊರ ಮನೆಗಳನ್ನೆಲ್ಲ ಅಳೆದವನಿಗೆ ತನ್ನ ಮನೆಯಲ್ಲಿ ಸಕ್ಕರೆ ಡಬ್ಬಿ ಎಲ್ಲಿದೆ ಎಂದು ತಿಳಿಯದು. ನಾನು ತಪ್ಪು ಹೇಳಿದ ಹಾಗೆಲ್ಲ ಹೆಂಡತಿಗೆ ಸಿಟ್ಟು ಏರಿತು, ಸಿಟ್ಟು ಏರಿದ ಹಾಗೆ ಎದ್ದು ಕೂತಳು. ಕೈ ಎತ್ತಿ ಗಾಳಿಯಲ್ಲೇ ತೋರಿಸತೊಡಗಿದಳು. ಇಲ್ಲಿ ಬೀರು, ಅದರ ಬಾಗಿಲಿನ ಮೂಲೆ ಸೊಂಟಕ್ಕೆ ತಗುಲುತ್ತದೆ. ಇಲ್ಲಿ ನನ್ನ ಹೊಲಿಗೆ ಮಷೀನು. ಇಲ್ಲಿಂದ ಆರು ಹೆಜ್ಜೆ ಹೋದರೆ ಮೆಟ್ಟಿಲು. ಮಧ್ಯಾಹ್ನದ ಹೊತ್ತಿಗೆ ಬೀಗದಕ್ಕನ ಹಾಳೆ ತುಂಬಿ, ಇನ್ನೊಂದು ಹಾಳೆಯೂ ತುಂಬಿತು. ಅವಳು ಎದ್ದು ಮಂಡಿ ಒರೆಸಿಕೊಂಡು, ಸರಿ, ನಾಳೆ ಜೋಡಿಸೋಣ ಎಂದಳು.

ಯಜಮಾನರು ಪೇಪರಿನ ಹಿಂದಿನಿಂದಲೇ ಒಪ್ಪಿಗೆ ಕೊಟ್ಟರು. ಮೂರನೇ ಕೋಣೆ ನಮ್ಮ ಮಲಗುವ ಕೋಣೆಯಾಯಿತು, ಅದರ ಹೊರಗಿನ ಪಡಸಾಲೆ ನಡುಮನೆ, ಬಟ್ಟೆ ಇಡುವ ಕೋಣೆ ಅಡುಗೆಮನೆ. ಅಲ್ಲಿಗಿಳಿಯಲು ಎರಡೇ ಮೆಟ್ಟಿಲಿದ್ದವು. ಮೂರನೆಯದಕ್ಕೆ ಹಲಗೆ ಹಾಕಿ, ಬೇಕೆಂದೇ ಕೆಳಗೊಂದು ಕಲ್ಲಿಟ್ಟು ಅಲುಗಾಡುವಂತೆ ಮಾಡಿದೆವು. ಬೀರುವಿನ ಜಾಗಕ್ಕೆ ಎರಡು ಬೆಂಚು ನಿಲ್ಲಿಸಿದೆವು. ಹೊಲಿಗೆ ಮಷೀನಿಗೆ ಒಂದು ಸ್ಟೂಲು. ಅಳೆದದ್ದು ನಾನು. ಎಷ್ಟೋ ವರ್ಷದಿಂದ ಬೇರೆಯವರ ಬೇಲಿ ಅಳೆದ ಟೇಪು ಅವತ್ತು ಮೊದಲ ಸಲ ನನ್ನ ಮನೆಯ ಕೆಲಸಕ್ಕೆ ಬಂತು. ಇತಿಹಾಸದ ಮೇಷ್ಟ್ರು ಬೆಂಚು ಹಿಡಿಯಲು ಬಂದು ಹೆಬ್ಬೆರಳು ಜಜ್ಜಿಕೊಂಡು ಹೋದರು. ಹೆಂಡತಿ ಗೋಡೆ ಹಿಡಿದು, ಬೆಂಚು ಮುಟ್ಟಿ, ಒಂದೊಂದೇ ಹೆಜ್ಜೆ ಎಣಿಸಿ ಮೆಟ್ಟಿಲವರೆಗೆ ಬಂದು ಹಿಂದಿರುಗಿದಳು. ಮೂರು ಸಲ ಹಾಗೆ ಮಾಡಿದಳು. ನನಗೆ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು.

ಮರುದಿನ ನಾನೇ ಆ ಹಾಲಿಗೆ ಹುಳಿ ಹಿಂಡಿದೆ. ಅವಳು ಬರುತ್ತಿದ್ದ ದಾರಿಯಲ್ಲಿ ಆ ಸ್ಟೂಲು ಸ್ವಲ್ಪ ಅಡ್ಡವಿದ್ದಂತೆ ಕಂಡಿತು. ಎಡವುತ್ತಾಳೇನೋ ಎಂದು ಸದ್ದಿಲ್ಲದೆ ಒಂದಡಿ ಪಕ್ಕಕ್ಕೆ ಸರಿಸಿದೆ. ಅವಳು ಎಣಿಸಿಕೊಂಡು ಬಂದು, ಭಾರ ಹಾಕಲು ಸ್ಟೂಲಿನ ಮೇಲೆ ಕೈ ಚಾಚಿದಳು. ಅಲ್ಲಿ ಸ್ಟೂಲಿರಲಿಲ್ಲ. ಹಾಗೇ ಮುಂದಕ್ಕೆ ಬಿದ್ದಳು. ಮಂಡಿ ಒಡೆಯಿತು, ಪುಣ್ಯಕ್ಕೆ ಕಣ್ಣಿಗೆ ಏನೂ ಆಗಲಿಲ್ಲ. ಅವಳನ್ನು ಮಲಗಿಸಿ ಹೊರಬಂದ ಬೀಗದಕ್ಕ ನನ್ನನ್ನು ಪಡಸಾಲೆಯ ಮೂಲೆಗೆ ಕರೆದಳು.

“ಮೂವತ್ತು ವರ್ಷದಿಂದ ಜನರ ಕೋಣೆ ಗುಡಿಸ್ತಿದ್ದೀನಿ. ಒಬ್ಬರ ಚಪ್ಪಲೀನೂ ಅವರನ್ನ ಕೇಳದೆ ಸರಿಸಿಲ್ಲ. ನೀವು ಅವರಿಗೆ ಒಳ್ಳೇದು ಮಾಡಕ್ಕೆ ಹೋಗಬೇಡಿ ಅಣ್ಣ. ಇದ್ದದ್ದು ಇದ್ದಲ್ಲಿ ಇದ್ರೆ ಅವರೇ ನಡೀತಾರೆ.”

ನಾನು ಸ್ಟೂಲನ್ನು ಮೊದಲಿನ ಜಾಗಕ್ಕೆ ಸರಿಸಿದೆ. ಅವಳು ಹೇಳಿದ್ದು ಸ್ಟೂಲಿನ ವಿಷಯ ಮಾತ್ರವಲ್ಲ ಎಂದು ನನಗೆ ಗೊತ್ತಾಗಿತ್ತು. ಕೈ ಹಿಡಿದು ಬಚ್ಚಲಿಗೆ ಕರೆದೊಯ್ದವನು, ಬಾಯಿಗೆ ತುತ್ತಿಟ್ಟವನು, ಪ್ರೀತಿಯ ಹೆಸರಲ್ಲಿ ಅವಳ ಕೈಕಾಲು ಕಟ್ಟಿದವನು ನಾನೇ.

ಹೆಂಡತಿ ಮತ್ತೆ ಗೋಡೆ ಕಡೆ ತಿರುಗಿದಳು. ಇಷ್ಟು ಸಾಕು, ಶನಿವಾರ ತಂಗಿ ಬರಲಿ ಎಂದಳು. ಎರಡು ದಿನ ಏಳಲಿಲ್ಲ. ಬೀಗದಕ್ಕ ಬಲವಂತ ಮಾಡಲಿಲ್ಲ, ಕೆಲಸ ಮುಗಿದ ಮೇಲೆ ಮಂಚದ ಪಕ್ಕ ಕೂತು ಹರಿದ ದಿಂಬಿನ ಚೀಲಗಳನ್ನು ಹೊಲಿಯುತ್ತಾ ತನ್ನ ಕಥೆ ಹೇಳಿದಳು. ಹತ್ತೊಂಬತ್ತಕ್ಕೆ ಮದುವೆ. ಗಂಡ ಸೇತುವೆ ಕಟ್ಟುವ ಕೆಲಸದವನು. ಒಂದು ಸೇತುವೆ ಮುಗಿದರೆ ಇನ್ನೊಂದು ಊರು, ತಗಡಿನ ಶೆಡ್ಡು. ಐದು ವರ್ಷದಲ್ಲಿ ಒಂಬತ್ತು ಶೆಡ್ಡು. ಮುಂದಿನ ಸೇತುವೆ ಆದಮೇಲೆ ಮನೆ ಮಾಡೋಣ ಎನ್ನುತ್ತಿದ್ದನಂತೆ. ಜ್ವರ ಬಂದು ನಾಲ್ಕೇ ದಿನಕ್ಕೆ ಹೋದ. ಇಲ್ಲಿ ಬಟ್ಟೆ ಒಗೆಯುತ್ತಿದ್ದ ಚಿಕ್ಕಮ್ಮನ ಜೊತೆ ಬಂದವಳು, ಅವತ್ತಿಂದ ಮಲಗುವುದು ಮೆಟ್ಟಿಲ ಕೆಳಗಿನ ಕೋಣೆಯಲ್ಲಿ. ಎದ್ದು ನಿಂತರೆ ತಲೆ ತಗುಲುತ್ತದೆ. ಇದನ್ನೆಲ್ಲ ಅಳುಮುಖ ಮಾಡಿ ಹೇಳಲಿಲ್ಲ, ದಾರ ಹಲ್ಲಲ್ಲಿ ಕಡಿಯುತ್ತಾ ಹೇಳಿದಳು.

“ನಿಮ್ಮ ಅಡುಗೆಮನೆ ಹಾಳೆ ಮೇಲೆ ಬರೆದಾಗ ನಂಗೆ ಏನೋ ಖುಷಿ ಆಯ್ತಕ್ಕ. ಯಾವುದು ಎಲ್ಲಿ ಅಂತ ನಂಗೂ ಬಾಯಿಪಾಠ ಆಗಿದೆ.”

ಮೂರನೇ ದಿನ, ಗುರುವಾರ, ಬೀಗದಕ್ಕ ಬಟ್ಟೆ ಕೋಣೆಯೊಳಗೆ ಡಬ್ಬಿ ಜೋಡಿಸತೊಡಗಿದಳು. ನಮ್ಮ ಅಡುಗೆಮನೆಯ ಸಾಲಿನ ಹಾಗೆ ಅವಳು ಹಳೇ ಡಬ್ಬಿಗಳನ್ನು ಕಪಾಟಿನಲ್ಲಿ ಇಟ್ಟಿದ್ದಳು. ಅದರಲ್ಲಿ ಒಂದರೊಳಗೆ ಸಕ್ಕರೆ, ಒಂದರೊಳಗೆ ಚಹಾಪುಡಿ, ಒಂದರೊಳಗೆ ಗುಂಡಿಗಳು. ಈಗ ಅವನ್ನೆಲ್ಲ ಇಳಿಸಿ, ಜೋರಾಗಿ ಸದ್ದು ಮಾಡುತ್ತಾ ಮತ್ತೆ ಇಡುತ್ತಿದ್ದಾಳೆ. ಚಹಾಪುಡಿ ಮೇಲಿನ ಸಾಲಿಗೆ, ಸಕ್ಕರೆ ಕೆಳಗೆ ಮೂಲೆಗೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಾಳೆ. ಎಲ್ಲ ತಪ್ಪು. ನನಗೇ ತಪ್ಪು ಎಂದು ತಿಳಿಯುವಷ್ಟು ತಪ್ಪು. ಹೆಂಡತಿ ಮಲಗಿದಲ್ಲೇ ಒಂದು ಸಲ ಸಕ್ಕರೆ ಕೆಳಗಲ್ಲ ಎಂದಳು. ಬೀಗದಕ್ಕನಿಗೆ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳಿದಳು. ಕೇಳಿಸಲಿಲ್ಲ. ಮತ್ತೊಂದು ಡಬ್ಬಿ ದಡಾರನೆ ಎಲ್ಲೋ ಕೂತಿತು.

ಹೆಂಡತಿ ಎದ್ದಳು. ನಾನು ಕೈ ಕೊಡಲು ಹೋಗಿ, ಕೈಯನ್ನು ಹಿಂದಕ್ಕೆ ಎಳೆದುಕೊಂಡು ಕಿಟಕಿಯ ಸರಳು ಹಿಡಿದೆ. ಅವಳು ಬೆಂಚು ಮುಟ್ಟಿದಳು. ಸ್ಟೂಲು ಮುಟ್ಟಿದಳು. ಆರು ಹೆಜ್ಜೆ. ಎರಡು ಮೆಟ್ಟಿಲು ಇಳಿದು, ಅಲುಗಾಡುವ ಮೂರನೆಯದರ ಮೇಲೆ ಕಾಲಿಟ್ಟು ಅರೆಗಳಿಗೆ ನಿಂತು, ಇಳಿದಳು. ಆಮೇಲೆ ಕೇಳಿದ್ದು ಅವಳ ಬೈಗುಳ. ಯಾರಾದರೂ ಸಕ್ಕರೆಯನ್ನು ನೆಲದ ಹತ್ತಿರ ಇಡುತ್ತಾರೇನಮ್ಮ, ಇರುವೆಗೆ ಸಂಬಳ ಕೊಟ್ಟು ಕರೆದಂತಾಗುತ್ತದೆ, ಇತ್ತ ಕೊಡು. ಒಂದೊಂದೇ ಡಬ್ಬಿ ಅಲ್ಲಾಡಿಸಿ, ಮೂಸಿ, ತನ್ನ ಜಾಗಕ್ಕೆ ಇಟ್ಟಳು. ಒಂದೂ ತಪ್ಪಲಿಲ್ಲ. ಹಿಂದಿರುಗಿ ಬಂದವಳು ಮಂಚದ ಮೇಲೆ ಕೂತು, ತಂಗಿಗೆ ಫೋನ್ ಹಚ್ಚಿ ಎಂದಳು. ಬರಬೇಡ ಎಂದು ಹೇಳಲು.

ಸಂಜೆ ಬೀಗದಕ್ಕನನ್ನು ಕೇಳಿದೆ, ಬೇಕೆಂದೇ ತಪ್ಪಾಗಿ ಇಟ್ಟೆಯಲ್ಲವೇ ಎಂದು. ವಯಸ್ಸಾಯಿತಣ್ಣ, ಮರೆವು ಎಂದಳು. ಮೂವತ್ತು ವರ್ಷದ ಅತಿಥಿಗಳ ದಿಂಬು ಎಷ್ಟೆಂದು ಬಲ್ಲವಳಿಗೆ ಮರೆವು. ನಾನು ನಕ್ಕೆ, ಅವಳು ನಗಲಿಲ್ಲ, ಬಕೆಟ್ಟು ಎತ್ತಿಕೊಂಡು ಹೋದಳು.

ಹೊಲಿಗೆ ಬಿಚ್ಚಿಸಿಕೊಂಡು ಊರಿಗೆ ಬಂದೆವು. ಒಂದನೇ ತಾರೀಖು ಸೋಮವಾರ. ಒಂಬತ್ತಕ್ಕೆ ಹೊರಟವನು ಗೇಟಿನ ಹೊರಗೆ ನಿಂತೆ. ಇನ್ನೂ ಅಲ್ಲೇ ನಿಂತಿದ್ದೀರಲ್ಲ, ಬಸ್ಸು ಹೋಗುತ್ತೆ ಎಂದು ಒಳಗಿನಿಂದ ಕೂಗಿದಳು. ಹೋದೆ. ಹನ್ನೊಂದಕ್ಕೆ ಫೋನ್ ಮಾಡಿದರೆ ಎಂಗೇಜ್. ಹನ್ನೊಂದೂಕಾಲಿಗೂ ಎಂಗೇಜ್. ಹನ್ನೊಂದೂವರೆಗೂ ಎಂಗೇಜ್. ಫೋನ್ ಕೈಯಿಂದ ಜಾರಿ ಬಿದ್ದಿರಬೇಕು, ಅದರ ಪಕ್ಕದಲ್ಲಿ ಅವಳೂ ಬಿದ್ದಿರಬೇಕು. ಮೇಲಧಿಕಾರಿಗೆ ಹೇಳಿದೆನೋ ಇಲ್ಲವೋ ನೆನಪಿಲ್ಲ, ಆಟೋ ಹತ್ತಿ ಬಂದೆ.

ಮಲಗುವ ಕೋಣೆಯಲ್ಲಿ ಅವಳಿರಲಿಲ್ಲ. ನಡುಮನೆಯಲ್ಲಿ ಇರಲಿಲ್ಲ. ಅಡುಗೆಮನೆಯಲ್ಲಿ ಕುಡಿದಿಟ್ಟ ಚಹಾ ಲೋಟ ಇತ್ತು, ಅವಳಿರಲಿಲ್ಲ. ಹಿಂಬಾಗಿಲು ತೆರೆದಿತ್ತು. ಹಿತ್ತಲನ್ನು ನಾವು ಗೆಸ್ಟ್‌ಹೌಸಿನಲ್ಲಿ ಜೋಡಿಸಿರಲೇ ಇಲ್ಲ, ಯಾರೂ ಅವಳಿಗೆ ಅದನ್ನು ಅಭ್ಯಾಸ ಮಾಡಿಸಿರಲಿಲ್ಲ. ಹೊಸ್ತಿಲಿಗೆ ಬಂದು ನೋಡಿದೆ. ಹಿತ್ತಲಿನ ಕೊನೆಯ ಗೋಡೆಯ ಹತ್ತಿರ ಬಿಸಿಲಲ್ಲಿ ನಿಂತಿದ್ದಾಳೆ. ಒಂದು ಕೈಯಲ್ಲಿ ಬಟ್ಟೆ ಒಣಹಾಕುವ ತಂತಿ, ಇನ್ನೊಂದು ಕೈಯಲ್ಲಿ ಕಿವಿಗೆ ಒತ್ತಿದ ಫೋನು.

“ತಂತಿ ಇಲ್ಲಿಗೆ ಮುಗೀತು ನೋಡು. ಇಲ್ಲಿಂದ ಎಡಕ್ಕೆ ಎರಡು ಹೆಜ್ಜೆ ಹಾಕಿದ್ರೆ ನೀರಿನ ತೊಟ್ಟಿ ಇರಬೇಕು. ತಡಿ, ಹೋಗಿ ನೋಡ್ತೀನಿ... ಹೂಂ, ಇದೆ. ತೊಟ್ಟಿ ಅಂಚು ಒಂದು ಕಡೆ ಒಡೆದಿದೆ, ಬರ್ಕೊಂಡ್ಯಾ?”

ನಾನು ಹೊಸ್ತಿಲ ಮೇಲೆಯೇ ಕೂತುಬಿಟ್ಟೆ. ಸದ್ದು ಕೇಳಿ ಅವಳು ಮುಖ ತಿರುಗಿಸಿದಳು. ಇವರು ಬಂದಿದ್ದಾರೆ, ಮಾತಾಡ್ತಿಲ್ಲ, ಅಳ್ತಿರಬೇಕು ಎಂದು ಫೋನಿಗೆ ವರದಿ ಒಪ್ಪಿಸಿದಳು. ಆಮೇಲೆ ತಂತಿ ಹಿಡಿದುಕೊಂಡು ನನ್ನವರೆಗೆ ನಡೆದು ಬಂದು ಫೋನು ಕೊಟ್ಟಳು. ನನಗೆ ಹೇಳಬೇಕಾದದ್ದು ಎಷ್ಟೋ ಇತ್ತು. ನೀನಿಲ್ಲದಿದ್ದರೆ ಈ ಹೊತ್ತು ಈ ಮನೆಯಲ್ಲಿ ನಾನೊಬ್ಬನೇ ಇರುತ್ತಿದ್ದೆ, ಈ ಋಣ ತೀರಿಸುವಂಥದ್ದಲ್ಲ ಎಂದು ಹೇಳಬೇಕಿತ್ತು. ಅಕ್ಕ ಎನ್ನುವುದಷ್ಟೇ ಬಂತು. ಆ ಕಡೆಯಿಂದ, ಎದ್ದು ನಿಂತರೆ ತಲೆ ತಗುಲುವ ಕೋಣೆಯವಳು ಹೇಳಿದಳು:

“ನಿಮ್ಮನೆ ತುಂಬ ಚೆನ್ನಾಗಿದೆ ಅಣ್ಣ. ಅಕ್ಕ ಎಲ್ಲಾ ತೋರಿಸಿದ್ರು.”